ರಸ್ತೆಯಾಗದೆ ಉಳಿದ ಹಾದಿ

1954ರ ಮಾರ್ಚ್ 20. ಅಮೆರಿಕದ ಕಂಬರ್ಲೆಂಡ್ ಪಟ್ಟಣದಿಂದ 58 ಮಂದಿ ಹಳೆಯ ಕಾಲುವೆಯೊಂದರ ದಂಡೆಯ ಮೇಲೆ ವಾಷಿಂಗ್ಟನ್ನಿನತ್ತ ನಡೆಯಲು ಹೊರಟರು. ಅವರ ಮುಂದಾಳು ಆ ದೇಶದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್. ಕಾಲುವೆಯ ಗುಂಟ ಮೋಟಾರು ರಸ್ತೆ ಬರಕೂಡದೆಂಬುದು ಅವರ ಹಟ.

ಪೊಟೊಮ್ಯಾಕ್ ನದಿಯ ಪಕ್ಕದಲ್ಲಿ ಸಾಗುವ ಈ ಚೆಸಪೀಕ್–ಓಹಾಯೋ ಕಾಲುವೆಯ ಕೆಲಸ ಆರಂಭವಾದದ್ದು 1828ರ ಜುಲೈ 4ರಂದು. ಪಿಟ್ಸ್‌ಬರ್ಗ್ ಬಳಿ ಓಹಾಯೋ ನದಿಯನ್ನು ಮುಟ್ಟಬೇಕೆಂಬುದು ಗುರಿ. ವಿಚಿತ್ರವೆಂದರೆ ಅದೇ ದಿನ ಬಾಲ್ಟಿಮೋರ್–ಓಹಾಯೋ ರೈಲು ಮಾರ್ಗಕ್ಕೂ ಅಡಿಗಲ್ಲು ಬಿತ್ತು. ರೈಲು 1842ರಲ್ಲೇ ಕಂಬರ್ಲೆಂಡ್ ಸೇರಿತು. ಕಾಲುವೆ ಅಲ್ಲಿಗೆ ಬಂದದ್ದು 1850ರಲ್ಲಿ. ಅದು ಅಲ್ಲಿಂದ ಮುಂದೆ ಹೋಗಲೇ ಇಲ್ಲ.

ಆದರೂ ಮುಕ್ಕಾಲು ಶತಮಾನ ಈ 184.5 ಮೈಲಿ ಜಲಮಾರ್ಗದಲ್ಲಿ ಕಲ್ಲಿದ್ದಲು ಸಾಗಿತು. ದಂಡೆಯ ಹಾದಿಯಲ್ಲಿ ಹೇಸರಗತ್ತೆಗಳು ನಡೆಯುತ್ತಾ ಉದ್ದನೆಯ ಹಗ್ಗದಿಂದ ದೋಣಿಗಳನ್ನು ಎಳೆಯುತ್ತಿದ್ದವು. ಏರುತಗ್ಗು ದಾಟಿಸಲು ನೀರಿನ ಮಟ್ಟ ಏರಿಸಿ ಇಳಿಸುವ 74 ಲಾಕ್‌ಗಳಿದ್ದವು. 1924ರ ನೆರೆಯ ನಂತರ ದೋಣಿಗಳು ನಿಂತವು. 1938ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು.

ಪಾಳುಬಿದ್ದ ಕಾಲುವೆಯಿಂದ ಏನು ಪ್ರಯೋಜನ? ಅದರ ಗುಂಟ ರಸ್ತೆ ಮಾಡಿದರೆ ಹೆಚ್ಚು ಜನ ನದಿ ಕಣಿವೆಯ ಸೊಬಗನ್ನು ಸವಿಯಬಹುದೆಂದು 1954ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆ ವಾದಿಸಿತು. ತೆಗೆದುಹಾಕುವಂಥ ವಾದವೇನಲ್ಲ. ಡಗ್ಲಾಸ್ ಆ ಪತ್ರಿಕೆಗೇ ಪತ್ರ ಬರೆದರು. ಸಂಪಾದಕೀಯ ಬರೆದವರು ತಮ್ಮೊಡನೆ ಒಮ್ಮೆ ಈ ಹಾದಿಯನ್ನು ನಡೆದು ನೋಡಲಿ ಎಂಬುದು ಅವರ ಸವಾಲು. ಪತ್ರಿಕೆ ಸವಾಲನ್ನು ಸ್ವೀಕರಿಸಿತು. ಅದರ ಸಂಪಾದಕರಾದ ರಾಬರ್ಟ್ ಎಸ್ಟಾಬ್ರೂಕ್ ಮತ್ತು ಮೆರ್ಲೊ ಪ್ಯೂಸಿ ನಡಿಗೆಗೆ ಬಂದರು.

ಎಂಟು ದಿನಗಳ ಬಳಿಕ ವಾಷಿಂಗ್ಟನ್ ತಲುಪುವಾಗ, ಪೂರ್ತಿ ದೂರ ನಡೆದಿದ್ದವರು ಡಗ್ಲಾಸ್ ಸೇರಿ ಒಂಬತ್ತೇ ಜನ. ಪತ್ರಿಕೆ ರಸ್ತೆಯೇ ಬೇಡವೆನ್ನಲಿಲ್ಲ. ಆದರೆ ತನ್ನ ನಿಲುವನ್ನು ಬಹುಮಟ್ಟಿಗೆ ಸಡಿಲಿಸಿತು. ನಡಿಗೆಯವರು ಅಷ್ಟಕ್ಕೆ ಸುಮ್ಮನಾಗದೆ ಕಾಲುವೆಯ ರಕ್ಷಣೆಗೆ ಸಮಿತಿ ಕಟ್ಟಿದರು.

ಜಯ ಬೇಗ ಸಿಗಲಿಲ್ಲ. 1961ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಕಾಲುವೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ರಾಷ್ಟ್ರೀಯ ಐತಿಹಾಸಿಕ ಉದ್ಯಾನದ ಕಾಯ್ದೆಗೆ ನಿಕ್ಸನ್ ಸಹಿ ಬಿದ್ದದ್ದು 1971ರ ಜನವರಿಯಲ್ಲಿ, ಅಂದರೆ ನಡಿಗೆಯಾಗಿ ಸುಮಾರು 17 ವರ್ಷಗಳ ನಂತರ. 1977ರಲ್ಲಿ ಉದ್ಯಾನವನ್ನು ಡಗ್ಲಾಸರಿಗೇ ಅರ್ಪಿಸಲಾಯಿತು.

ನ್ಯಾಯಮೂರ್ತಿಯಾಗಿದ್ದರೂ ಅವರು ಇದನ್ನು ಗೆದ್ದದ್ದು ತೀರ್ಪಿನಿಂದಲ್ಲ. ನಕ್ಷೆಯ ಮೇಲೆ ಗೆರೆ ಎಳೆದವರಿಗೆ ಕಾಣದ್ದು ನೆಲದ ಮೇಲೆ ಕಾಲಿಟ್ಟವರಿಗೆ ಕಾಣುತ್ತದೆಂಬ ನಂಬಿಕೆಯಿಂದ. ಹೇಸರಗತ್ತೆಗಳ ಆ ಹಾದಿಯಲ್ಲಿ ಇಂದು ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಕಂಬರ್ಲೆಂಡಿನಿಂದ ಪಿಟ್ಸ್‌ಬರ್ಗ್‌ವರೆಗಿನ ಇನ್ನೊಂದು ಸೈಕಲ್ ಹಾದಿ 2013ರಲ್ಲಿ ಪೂರ್ಣಗೊಂಡಿತು. ಹೀಗಾಗಿ, ಕಾಲುವೆಯ ದೋಣಿಗಳು ಎಂದೂ ಮುಟ್ಟದ ಊರನ್ನು ಈಗ ಅದರ ದಂಡೆ ಹಿಡಿದು ಹೊರಟ ಸೈಕಲ್ ಸವಾರ ಮುಟ್ಟಬಲ್ಲ.