ಅರ್ಲಿ ಡಿಸಿಷನ್ ಅರ್ಜಿ: ಬ್ಯಾಕಪ್ ಕಾಲೇಜು ಪಟ್ಟಿ ಡಿಸೆಂಬರ್‌ಗೆ ಮೊದಲೇ ರೆಡಿ ಇರಲಿ

ಪಿಯುಸಿ ಮುಗಿಸಿ ಡಿಗ್ರಿಗೆ ಅಮೆರಿಕಕ್ಕೆ ಹೋಗಬೇಕು ಎನ್ನುವ ಮಕ್ಕಳಿರುವ ಮನೆಗಳಲ್ಲಿ ‘ಅರ್ಲಿ ಡಿಸಿಷನ್’ ಎಂಬ ಮಾತು ಆಗಾಗ ಕೇಳುತ್ತದೆ. ಇದರಲ್ಲಿ ಅರ್ಜಿ ಹಾಕಿದರೆ ಫಲಿತಾಂಶ ಬೇಗ ಬರುತ್ತೆ ಅನ್ನೋದು ನಿಜ. ಆದರೆ ಸೀಟು ಸಿಗದಿದ್ದರೆ ಬೇರೆ ಕಾಲೇಜು ಹುಡುಕಲು ಉಳಿಯುವುದು ಎರಡೇ ವಾರ. ಹಾಗಾಗಿ ಬ್ಯಾಕಪ್ ಪಟ್ಟಿ ಮೊದಲೇ ಸಿದ್ಧ ಇರಬೇಕು.

ಏನಿದು ಅರ್ಲಿ ಡಿಸಿಷನ್?

ವಿದ್ಯಾರ್ಥಿ ತನಗೆ ಎಲ್ಲಕ್ಕಿಂತ ಇಷ್ಟವಾದ ಒಂದೇ ಒಂದು ಕಾಲೇಜಿಗೆ, ‘ಸೀಟು ಕೊಟ್ಟರೆ ಬಂದೇ ಬರ್ತೀನಿ’ ಎಂದು ಒಪ್ಪಿ ಹಾಕುವ ಅರ್ಜಿ ಇದು. ಕಾರ್ನೆಲ್, ಕೊಲಂಬಿಯಾ, ಬ್ರೌನ್, ಡಾರ್ಟ್‌ಮತ್ ಮುಂತಾದ ಕಡೆ ಈ ಪದ್ಧತಿ ಇದೆ. ಒಪ್ಪಂದಕ್ಕೆ ವಿದ್ಯಾರ್ಥಿ, ಪೋಷಕರು ಮತ್ತು ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ಕೌನ್ಸೆಲರ್ ಇಲ್ಲದ ಪಿಯು ಕಾಲೇಜಿನಲ್ಲಿ ಪ್ರಾಂಶುಪಾಲರು ಆ ಜಾಗದಲ್ಲಿ ಸಹಿ ಮಾಡಬಹುದು. ಸೀಟು ಸಿಕ್ಕಿದರೆ ಉಳಿದೆಲ್ಲ ಅರ್ಜಿಗಳನ್ನು ವಾಪಸ್ ಪಡೆಯಲೇಬೇಕು.

‘ಅರ್ಲಿ ಆ್ಯಕ್ಷನ್’ ಬೇರೆ. ಅದರಲ್ಲಿ ಫಲಿತಾಂಶ ಬೇಗ ಬರುತ್ತದೆ, ಸೇರಲೇಬೇಕೆಂಬ ಕಟ್ಟುಪಾಡು ಇಲ್ಲ.

ಎರಡೇ ವಾರದ ಇಕ್ಕಟ್ಟು

ಅರ್ಲಿ ಡಿಸಿಷನ್ ಅರ್ಜಿಗೆ ಸಾಮಾನ್ಯವಾಗಿ ನವೆಂಬರ್ 1 ಅಥವಾ 15 ಕೊನೆ ದಿನ. ಫಲಿತಾಂಶ ಬರುವುದು ಡಿಸೆಂಬರ್ ಮಧ್ಯದಲ್ಲಿ. ಹೆಚ್ಚಿನ ಕಾಲೇಜುಗಳ ರೆಗ್ಯುಲರ್ ಅರ್ಜಿ ಜನವರಿ ಮೊದಲ ವಾರಕ್ಕೇ ಮುಗಿಯುತ್ತದೆ. ‘ಇಲ್ಲ’ ಎಂಬ ಉತ್ತರ ಬಂದ ಬೇಜಾರಿನಲ್ಲೇ ಏಳೆಂಟು ಕಾಲೇಜಿನ ಪ್ರಬಂಧ ಬರೆಯುವುದು ಯಾವ ಮಗುವಿಗೂ ಸುಲಭವಲ್ಲ. ಅಷ್ಟು ಹೊತ್ತಿಗೆ ದ್ವಿತೀಯ ಪಿಯು ಪರೀಕ್ಷೆಯೂ ಹತ್ತಿರವಾಗಿರುತ್ತದೆ. ಪ್ರಬಂಧ, ಅಂಕಪಟ್ಟಿ, ಲೆಕ್ಚರರ್‌ಗಳ ಶಿಫಾರಸು ಪತ್ರ ನವೆಂಬರ್ ಒಳಗೇ ಸಿದ್ಧವಿದ್ದರೆ ಡಿಸೆಂಬರ್‌ನಲ್ಲಿ ಓಡಾಟ ತಪ್ಪುತ್ತದೆ.

‘ಡಿಫರ್’ ಎಂಬ ಉತ್ತರವೂ ಬರಬಹುದು. ಅಂದರೆ ಅರ್ಜಿಯನ್ನು ರೆಗ್ಯುಲರ್ ಸುತ್ತಿನಲ್ಲಿ ಮತ್ತೆ ನೋಡುತ್ತಾರೆ. ಅದನ್ನು ಸೀಟು ಸಿಕ್ಕಂತೆ ಎಂದು ಭಾವಿಸಿ ಸುಮ್ಮನಿರುವಂತಿಲ್ಲ. ಡಿಫರ್ ಆದ ಮೇಲೆ ಸೇರಲೇಬೇಕೆಂಬ ಒಪ್ಪಂದವೂ ಇರುವುದಿಲ್ಲ.

ಬ್ಯಾಕಪ್ ಅಂದ್ರೆ ಯಾವುದು?

ಬ್ಯಾಕಪ್ ಕಾಲೇಜಿಗೆ ಮೂರು ಪರೀಕ್ಷೆ: ಸೀಟು ಸಿಗುವ ಸಾಧ್ಯತೆ ಗಟ್ಟಿಯಾಗಿರಬೇಕು, ಖರ್ಚು ಮನೆಗೆ ನಿಭಾಯಿಸುವಂತಿರಬೇಕು, ಮಗು ಅಲ್ಲಿಗೆ ಖುಷಿಯಿಂದ ಹೋಗುವಂತಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಪಟ್ಟಿಯಲ್ಲಿರುವ ಇನ್ನೊಂದು ಹೆಸರು ಅಷ್ಟೆ.

ಕಾಲೇಜಿನ ಜೊತೆ ಕೋರ್ಸನ್ನೂ ನೋಡಬೇಕು. ಇಲಿನಾಯ್ ಅರ್ಬಾನಾ-ಶಾಂಪೇನ್, ಪರ್ಡ್ಯೂ ಸರ್ಕಾರಿ ವಿಶ್ವವಿದ್ಯಾಲಯಗಳೇ ಆದರೂ ಕಂಪ್ಯೂಟರ್ ಸೈನ್ಸ್‌ಗೆ ಅಲ್ಲಿ ಭಾರಿ ಪೈಪೋಟಿ. ಆ ಕೋರ್ಸ್ ಬಯಸುವವರಿಗೆ ಅವು ಬ್ಯಾಕಪ್ ಆಗಲ್ಲ.

ಅರ್ಲಿ ಡಿಸಿಷನ್ ಹಾಕಿದವರು ಸಾಮಾನ್ಯವಾಗಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಅರ್ಲಿ ಆ್ಯಕ್ಷನ್ ಅರ್ಜಿಯನ್ನೂ ಹಾಕಬಹುದು. ಕೆಲವು ಕಾಲೇಜುಗಳು ಬೇರೆ ಖಾಸಗಿ ಕಾಲೇಜಿಗೆ ಬೇಗ ಅರ್ಜಿ ಹಾಕುವುದನ್ನು ನಿರ್ಬಂಧಿಸುತ್ತವೆ. ಸಹಿಗೆ ಮುಂಚೆ ಆ ಕಾಲೇಜಿನ ನಿಯಮ ಓದಲೇಬೇಕು. ಅರಿಜೋನಾ ಸ್ಟೇಟ್, ಪಿಟ್ಸ್‌ಬರ್ಗ್‌ನಂಥ ಕಡೆ ಅರ್ಜಿ ಬಂದಂತೆಲ್ಲ ಉತ್ತರ ಕೊಡುವ ‘ರೋಲಿಂಗ್’ ಪದ್ಧತಿ ಇದೆ. ಮೊದಲೇ ಹಾಕಿದರೆ ಡಿಸೆಂಬರ್‌ ಹೊತ್ತಿಗೆ ಕೈಯಲ್ಲಿ ಒಂದು ಸೀಟು ಇರಬಹುದು.

ಹಣದ ಲೆಕ್ಕ ಮೊದಲು

ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ, ಹಾಸ್ಟೆಲ್, ಊಟ ಸೇರಿ ವರ್ಷಕ್ಕೆ 90,000 ಡಾಲರ್ ಆಸುಪಾಸು. ಡಾಲರ್‌ಗೆ 85 ರೂ. ಹಿಡಿದರೂ 76 ಲಕ್ಷ ರೂ. ದಾಟುತ್ತದೆ. ಅದೂ ಒಂದೇ ವರ್ಷಕ್ಕೆ, ಓದು ನಾಲ್ಕು ವರ್ಷ. ಅಂಗಡಿ ವ್ಯಾಪಾರ ನಂಬಿದ ಮನೆಯಲ್ಲಿ ಸಹಿಗೆ ಮುಂಚೆಯೇ ಈ ಲೆಕ್ಕ ಆಗಬೇಕು.

ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಕ್ಕರೆ ಬೇರೆ ಕಾಲೇಜಿನ ಸ್ಕಾಲರ್‌ಶಿಪ್ ಜೊತೆ ಹೋಲಿಸಿ ನೋಡುವ ಅವಕಾಶ ಇರುವುದಿಲ್ಲ. ಕೇಳಿದ ನೆರವು ಸಾಲದಿದ್ದರೆ ಒಪ್ಪಂದದಿಂದ ಬಿಡುಗಡೆ ಕೇಳಬಹುದು. ಆದರೆ ಹಲವು ಕಾಲೇಜುಗಳಲ್ಲಿ ಹೊರದೇಶದ ವಿದ್ಯಾರ್ಥಿ ಅರ್ಜಿಯ ಜೊತೆಗೇ ನೆರವು ಕೇಳದಿದ್ದರೆ ಆಮೇಲೆ ಕೇಳುವಂತಿಲ್ಲ. ನೆರವು ಕೇಳುವುದು ಆಯ್ಕೆಯ ಮೇಲೆ ಪರಿಣಾಮ ಬೀರುವ ಕಾಲೇಜುಗಳೂ ಇವೆ. ಡಾರ್ಟ್‌ಮತ್, ಆಮ್ಹರ್ಸ್ಟ್ ಹೊರದೇಶದವರ ವಿಷಯದಲ್ಲೂ ಹಾಗೆ ನೋಡುವುದಿಲ್ಲ. ಆದರೆ ಅಲ್ಲಿ ಸೀಟು ಸಿಗುವುದೇ ಕಷ್ಟ.

ಊರಿನ ಬ್ಯಾಕಪ್ ಬಿಡಬಾರದು

ರೆಗ್ಯುಲರ್ ಫಲಿತಾಂಶ ಬರುವುದು ಮಾರ್ಚ್ ಕೊನೆಯ ಹೊತ್ತಿಗೆ. ಕೆಇಎ ನಡೆಸುವ ಸಿಇಟಿಗೆ ಅರ್ಜಿ ಹಾಕುವ ಅವಧಿ ಸಾಮಾನ್ಯವಾಗಿ ಅದಕ್ಕೂ ಮುಂಚೆಯೇ ಮುಗಿದಿರುತ್ತದೆ. ‘ಅಮೆರಿಕದ್ದು ಏನಾಗುತ್ತೋ ನೋಡೋಣ’ ಎಂದು ಕಾದರೆ ಇಲ್ಲಿನ ಸೀಟೂ ಕೈತಪ್ಪಬಹುದು. ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಗದವರು ಸಿಇಟಿ ಅರ್ಜಿ ತುಂಬಿಡುವುದೇ ಜಾಣತನ.

ನೆನಪಿರಬೇಕಾದ ದಿನಗಳು

• ನವೆಂಬರ್ 1 ಅಥವಾ 15: ಅರ್ಲಿ ಡಿಸಿಷನ್ ಅರ್ಜಿ
• ಡಿಸೆಂಬರ್ ಮಧ್ಯ: ಫಲಿತಾಂಶ
• ಜನವರಿ ಮೊದಲಾರ್ಧ: ರೆಗ್ಯುಲರ್ ಅರ್ಜಿ, ಎನ್‌ವೈಯು, ಶಿಕಾಗೋ, ಎಮೊರಿಯಂಥ ಕಡೆ ಎರಡನೇ ಸುತ್ತಿನ ಅರ್ಲಿ ಡಿಸಿಷನ್
• ಮೇ 1: ರೆಗ್ಯುಲರ್ ಸುತ್ತಿನಲ್ಲಿ ಸೀಟು ಸಿಕ್ಕವರು ಸಾಮಾನ್ಯವಾಗಿ ಒಪ್ಪಿಗೆ ತಿಳಿಸುವ ಕೊನೆ ದಿನ

ದಿನಾಂಕ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಆಯಾ ಕಾಲೇಜಿನ ಅಧಿಕೃತ ವೆಬ್‌ಸೈಟ್‌ನಲ್ಲಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.