ಮನೋರೋಗಿಯ ಆರೈಕೆ: ದೊರೆಯ ಹೊಣೆ, ನೆರೆಯ ಹೊಣೆ

ಮಧುಗಿರಿಯಿಂದ ಪಾವಗಡದ ಕಡೆಗೆ ಪಯಣಿಸುವವರಿಗೆ ಮಿಡಿಗೇಶಿಯ ಕೋಟೆ ಬೆಟ್ಟ ಅಪರಿಚಿತವಲ್ಲ. ಹಿಮ್ಮಡಿ ಮುಟ್ಟುವ ಕೇಶರಾಶಿಯ ರಾಣಿಯೊಬ್ಬಳಿಂದ ಊರಿಗೆ ಆ ಹೆಸರು ಬಂದಿತೆಂದು ಐತಿಹ್ಯ. ಅದಿರಲಿ. ಆ ಬೆಟ್ಟವನ್ನು ಕಂಡಾಗ ನನ್ನ ಕಣ್ಣಿಗೆ ಕಟ್ಟುವುದು ಬೇರೊಂದು ಚಿತ್ರ. 1970ರ ಸುಮಾರಿನಲ್ಲಿ, ಹುಡುಗನಾಗಿದ್ದ ನಾನು, ಅದೇ ಸೀಮೆಯ ಹಳ್ಳಿಯೊಂದರ ಕೊಟ್ಟಿಗೆಯಲ್ಲಿ ದನದ ಗೂಟಕ್ಕೆ ಸರಪಳಿಯಿಂದ ಬಿಗಿದಿದ್ದ ತರುಣನೊಬ್ಬನನ್ನು ಕಂಡೆ. ತಾಯಿ ಕ್ರೂರಿಯಾಗಿರಲಿಲ್ಲ, ಹೊತ್ತು ಹೊತ್ತಿಗೆ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಹರಕೆ ಹೊತ್ತಿದ್ದಳು, ತಾಯಿತ ಕಟ್ಟಿಸಿದ್ದಳು. ಕೂಲಿ ಬಿಟ್ಟು ಅವನನ್ನು ಕಾಯುವವರು ಮನೆಯಲ್ಲಿ ಯಾರಿದ್ದರು?

ಬೆಂಗಳೂರಿನಲ್ಲಿ ಆಸ್ಪತ್ರೆಯೇನೋ ಇತ್ತು. ಹತ್ತೊಂಬತ್ತನೆಯ ಶತಮಾನದ ನಡುವೆ ತೆರೆದ ಹುಚ್ಚಾಸ್ಪತ್ರೆ 1925ರಲ್ಲಿ ಹೆಸರು ತಿದ್ದಿಕೊಂಡು ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆದವು. ಆದರೆ ಗೂಟದಿಂದ ಆಸ್ಪತ್ರೆಗೆ ದಾರಿ ಇರಲಿಲ್ಲ. ಆ ದಾರಿಯನ್ನು ಹುಡುಕಿದವರೂ ಅಲ್ಲಿಯ ವೈದ್ಯರೇ. 1975ರ ಹೊತ್ತಿಗೆ ಸಕಲವಾರದಲ್ಲಿ ಗ್ರಾಮೀಣ ಪ್ರಯೋಗ ನಡೆಯಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಮನೋರೋಗದ ಚಿಕಿತ್ಸೆಯನ್ನು ಕಲಿಸಿದರು. 1996ರಲ್ಲಿ ಭಾರತ ಸರ್ಕಾರ ಇದೇ ಮಾದರಿಯಲ್ಲಿ ಜಿಲ್ಲಾ ಯೋಜನೆಯನ್ನು ಆರಂಭಿಸಿತು. ಮೊದಲು ಆರಿಸಿದ ನಾಲ್ಕು ಜಿಲ್ಲೆಗಳಲ್ಲಿ ಕರ್ನಾಟಕದ ಒಂದೂ ಇರಲಿಲ್ಲವೆಂಬುದು ವಿನೋದವೋ ವಿಷಾದವೋ!

ಹಾಗಾದರೆ ಎಲ್ಲವನ್ನೂ ಧರ್ಮಬುದ್ಧಿಯ ಸಂಸ್ಥೆಗಳಿಗೆ ಒಪ್ಪಿಸೋಣವೆ? ತಮಿಳುನಾಡಿನ ಏರ್ವಾಡಿಯನ್ನು ಮರೆಯಲಾಗದು. 2001ರ ಆಗಸ್ಟ್ 6ರಂದು ಅಲ್ಲಿಯ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿ ಬಿಡಿಸಿಕೊಳ್ಳಲಾರದೆ 28 ಮಂದಿ ಸತ್ತರು. ಕೇಳುವವರಿಲ್ಲದ ಕಡೆ ಕರುಣೆಯೂ ಸೆರೆಮನೆಯಾದೀತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿಯನ್ನು ಸಂಪೂರ್ಣವಾಗಿ ನಿಷೇಧಿಸಿದೆ. ಅದನ್ನು ಜಾರಿಗೆ ತರುವ ಅಧಿಕಾರ ದಾನಿಗಳಿಗಿಲ್ಲ, ಸರ್ಕಾರಕ್ಕಿದೆ.

ಆದರೆ ಸರ್ಕಾರದ ಕೈ ಎಲ್ಲಿ ಗಿಡ್ಡದು ಎಂಬುದನ್ನು ಪಾವಗಡದಲ್ಲಿ ನೋಡಬಹುದು. ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠರೋಗಿಗಳನ್ನೂ ಕ್ಷಯರೋಗಿಗಳನ್ನೂ ನೋಡಿಕೊಂಡು ಬಂದಿದೆ. ಆ ರೋಗಗಳ ಔಷಧ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ಉಚಿತವಾಗಿ ಸಿಗುತ್ತದೆ. ಊರೇ ಮುಟ್ಟಲು ಹಿಂಜರಿದವನ ಹುಣ್ಣು ತೊಳೆಯುವ ಕೈಯನ್ನು ಯಾವ ಇಲಾಖೆಯೂ ಮಂಜೂರು ಮಾಡಲಾರದು. ಮನೋರೋಗಕ್ಕೂ ಇದೇ ಮಾತು ಸಲ್ಲುತ್ತದೆಂದು ನನ್ನ ಎಣಿಕೆ. ನಮ್ಮ ಜಿಲ್ಲೆಯ ತುರುವೇಕೆರೆಯಲ್ಲಿ 2010ರಿಂದ ನಿಮ್ಹಾನ್ಸ್ ವೈದ್ಯರು ಸ್ಥಳೀಯ ಆರೋಗ್ಯ ಕಾರ್ಯಕರ್ತರ ನೆರವಿನಿಂದ ತೀವ್ರ ಮನೋರೋಗಿಗಳನ್ನು ಅವರವರ ಊರಲ್ಲೇ ಗುರುತಿಸಿ ಚಿಕಿತ್ಸೆ ಕೊಡತೊಡಗಿದರು. ಮಾತ್ರೆ ಕೊಡುವುದು ಸುಲಭ. ವರ್ಷಗಟ್ಟಲೆ ಅದನ್ನು ತಪ್ಪದೆ ನುಂಗಿಸುವುದು, ಗುಣವಾದವನಿಗೆ ಕೆಲಸ ಕೊಡಿಸುವುದು, ಬಳಲಿದ ತಾಯಿಗೆ ಒಂದು ದಿನದ ಬಿಡುವು ಕೊಡುವುದು ಕಷ್ಟ.

2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ವನ್ನು ಆರಂಭಿಸಿ, ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿತು. ಆ ಕೊಟ್ಟಿಗೆಯಿಂದ ಮಧುಗಿರಿಗೆ ಒಂದೇ ಬಸ್ಸಿನ ದೂರ. ಮಗನ ಕೈ ಹಿಡಿದು ಬಸ್ಸು ಹತ್ತಿಸುವುದಕ್ಕೆ ಆ ತಾಯಿಯ ಜೊತೆ ಅಂದು ಇನ್ನೊಬ್ಬರು ಇದ್ದಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ.