ಶಾರ್ಟ್ ಸೇಲ್: ಸಾಲಕ್ಕಿಂತ ಕಡಿಮೆ ಬೆಲೆಗೆ ಮನೆ ಮಾರಾಟ ಮತ್ತು ಅದರ ಸುಧಾರಣೆ

ಅಡಮಾನ ಸಾಲದ ಬಾಕಿಗಿಂತ ಕಡಿಮೆ ಬೆಲೆಗೆ, ಸಾಲ ಕೊಟ್ಟವರ ಒಪ್ಪಿಗೆ ಪಡೆದು, ಮಾಲೀಕನೇ ತನ್ನ ಮನೆಯನ್ನು ಮಾರುವುದಕ್ಕೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಶಾರ್ಟ್ ಸೇಲ್ ಎನ್ನುತ್ತಾರೆ. ಬಂದ ಹಣ ಸಾಲ ತೀರಿಸಲು ಸಾಲದು. ಹೆಸರು ಹುಟ್ಟಿದ್ದೇ ಆ ಕೊರತೆಯಿಂದ. ಕೈಯಲ್ಲಿಲ್ಲದ ಷೇರನ್ನು ಮೊದಲು ಮಾರಿ ಆಮೇಲೆ ಕೊಳ್ಳುವ ಷೇರುಪೇಟೆಯ ಶಾರ್ಟ್ ಸೆಲ್ಲಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ. ಬ್ಯಾಂಕು ಮನೆಯನ್ನು ಕೈವಶ ಮಾಡಿಕೊಂಡು ಹರಾಜು ಹಾಕುವ ಫೋರ್‌ಕ್ಲೋಷರ್‌ಗೆ ಇದು ಪರ್ಯಾಯ.

ಈ ಪದ್ಧತಿ ಮೊದಲಿನಿಂದಲೂ ಇತ್ತು. ಆದರೆ 2006ರಲ್ಲಿ ತುತ್ತತುದಿ ಮುಟ್ಟಿದ್ದ ಮನೆ ಬೆಲೆಗಳು ಕುಸಿಯತೊಡಗಿದ ಮೇಲೆ ಅದು ಲಕ್ಷಾಂತರ ಕುಟುಂಬಗಳ ಮನೆಮಾತಾಯಿತು. 2012ರವರೆಗೂ ಮುಂದುವರಿದ ಇಳಿತದಲ್ಲಿ ಲಾಸ್ ವೇಗಸ್, ಫೀನಿಕ್ಸ್‌ನಂಥ ನಗರಗಳ ಮನೆಗಳು ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡವು. ಮನೆಗಿಂತ ಸಾಲವೇ ದೊಡ್ಡದಾದ ಇಂಥ ಸ್ಥಿತಿಯನ್ನು ಅಲ್ಲಿನವರು ಮನೆ 'ನೀರಿನಡಿ' ಹೋಯಿತು ಎಂದು ಹೇಳುತ್ತಾರೆ. ಕೆಲಸ ಹೋದವರು, ವಿಚ್ಛೇದನವಾದವರು, ಊರು ಬದಲಿಸಲೇಬೇಕಾದವರು ಮನೆ ಮಾರಿ ಸಾಲ ತೀರಿಸುವ ಹಾದಿ ಮುಚ್ಚಿಹೋಯಿತು.

ಕಾಗದದ ಮೇಲೆ ಕ್ರಮ ಸರಳ. ಮಾಲೀಕ ತನ್ನ ಕಷ್ಟ ವಿವರಿಸುವ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಲೆಕ್ಕ, ತೆರಿಗೆ ವಿವರ ಎಲ್ಲವನ್ನೂ ಕೊಡುತ್ತಾನೆ. ಏಜೆಂಟ್ ಕೊಳ್ಳುವವರನ್ನು ಹುಡುಕಿ ಅವರ ಪ್ರಸ್ತಾವ ಕಳಿಸುತ್ತಾನೆ. ಬ್ಯಾಂಕು ಸ್ಥಳೀಯ ದಲ್ಲಾಳಿಯಿಂದ ಮನೆಯ ಬೆಲೆ ಅಂದಾಜು ಮಾಡಿಸಿ ಒಪ್ಪುತ್ತದೆ ಅಥವಾ ತಿರಸ್ಕರಿಸುತ್ತದೆ. ವಾಸ್ತವದಲ್ಲಿ ಕಡತ ತಿಂಗಳುಗಟ್ಟಲೆ ಕೊಳೆಯುತ್ತಿತ್ತು. ಕಳಿಸಿದ ಕಾಗದ ಕಳೆದುಹೋಗುತ್ತಿತ್ತು, ಸಂಬಳದ ಚೀಟಿ ಹಳೆಯದಾಯಿತೆಂದು ಮತ್ತೆ ಕೇಳುತ್ತಿದ್ದರು, ಫೋನಿಗೆ ಪ್ರತಿ ಸಲ ಬೇರೆಯೇ ನೌಕರ ಸಿಗುತ್ತಿದ್ದ. ಕಾದು ಸೋತ ಗಿರಾಕಿ ಬೇರೆ ಮನೆ ನೋಡಿಕೊಂಡರೆ ಎಲ್ಲವೂ ಮೊದಲಿನಿಂದ ಶುರು. ಅತ್ತ ಅದೇ ಸಂಸ್ಥೆಯ ಇನ್ನೊಂದು ವಿಭಾಗ ಹರಾಜಿನ ದಿನ ಗೊತ್ತುಮಾಡಿಬಿಟ್ಟಿರುತ್ತಿತ್ತು.

ಇದನ್ನು ನೌಕರರ ಸೋಮಾರಿತನ ಎಂದು ತಳ್ಳಿಹಾಕಿದರೆ ರೋಗದ ಮೂಲ ತಪ್ಪಿಹೋಗುತ್ತದೆ. ಕಂತು ವಸೂಲು ಮಾಡುವ ಸಂಸ್ಥೆ, ಅಂದರೆ ಸರ್ವೀಸರ್, ಅನೇಕ ವೇಳೆ ಸಾಲದ ಒಡೆಯನೇ ಅಲ್ಲ. ಸಾವಿರಾರು ಸಾಲಗಳನ್ನು ಒಟ್ಟುಗೂಡಿಸಿ ಹೂಡಿಕೆದಾರರಿಗೆ ಮಾರಲಾಗಿದ್ದರಿಂದ ನಷ್ಟ ಹೊರುವವರು ಇನ್ನೆಲ್ಲೋ ಇರುತ್ತಿದ್ದರು. ಅಡಮಾನ ವಿಮಾ ಕಂಪನಿಯ ಒಪ್ಪಿಗೆಯೂ ಬೇಕಾಗಬಹುದಿತ್ತು. ಹೀಗೆ ಮಾತನಾಡುವವನಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವನು ಮಾತಿಗೆ ಸಿಗುವುದಿಲ್ಲ. ಮುಂದೆ ಫಲ ಕೊಟ್ಟ ಸುಧಾರಣೆಗಳೆಲ್ಲ ಈ ಗಂಟನ್ನೇ ಬಿಚ್ಚಲು ಹೊರಟವು.

ಎಲ್ಲಕ್ಕಿಂತ ಬಿಗಿಯಾದ ಗಂಟು ಎರಡನೆಯ ಅಡಮಾನದ್ದು. ಒಂದು ಕಾಲ್ಪನಿಕ ಲೆಕ್ಕ ನೋಡೋಣ. ಒಬ್ಬರು 2006ರಲ್ಲಿ 4,00,000 ಡಾಲರಿನ ಮನೆಯನ್ನು ಒಂದು ಬ್ಯಾಂಕಿನಿಂದ 3,20,000, ಇನ್ನೊಂದರಿಂದ 80,000 ಸಾಲ ತಂದು ಕೊಂಡರು. 2010ರಲ್ಲಿ ಅದಕ್ಕೆ 2,20,000 ಡಾಲರ್ ಸಿಕ್ಕಿತು. ದಲ್ಲಾಳಿ, ತೆರಿಗೆ, ನೋಂದಣಿ ಖರ್ಚು ಕಳೆದು 2,04,000 ಉಳಿಯಿತು. ಹರಾಜಾದರೆ ಮೊದಲ ಸಾಲವೇ ತೀರುವುದಿಲ್ಲವಾದ್ದರಿಂದ ಎರಡನೆಯ ಬ್ಯಾಂಕಿಗೆ ಒಂದು ಕಾಸೂ ಇಲ್ಲ. ಆದರೆ ಶಾರ್ಟ್ ಸೇಲ್‌ನಲ್ಲಿ ಅದು ತನ್ನ ಹಕ್ಕು ಬಿಟ್ಟುಕೊಡದೆ ಕ್ರಯವೇ ಆಗುವುದಿಲ್ಲ. ಏನೂ ಸಿಗಬೇಕಿಲ್ಲದವನ ಕೈಯಲ್ಲಿ ಎಲ್ಲವನ್ನೂ ತಡೆಯುವ ಬಲ! ಆ ಬಲದಿಂದಲೇ ಅಂಥ ಬ್ಯಾಂಕುಗಳು ಹೆಚ್ಚು ಪಾಲಿಗಾಗಿ ಜಗ್ಗಾಡುತ್ತಿದ್ದವು.

2010ರ ಏಪ್ರಿಲ್ 5ರಂದು ಜಾರಿಗೆ ಬಂದ ಖಜಾನೆ ಇಲಾಖೆಯ 'ಹೋಮ್ ಅಫರ್ಡಬಲ್ ಫೋರ್‌ಕ್ಲೋಷರ್ ಆಲ್ಟರ್ನೇಟಿವ್ಸ್', ಸಂಕ್ಷೇಪದಲ್ಲಿ ಹಾಫಾ, ಮೊದಲ ದೊಡ್ಡ ಹೆಜ್ಜೆ. ಸರ್ವೀಸರ್ ತನಗೆ ಎಷ್ಟು ಹಣ ಬರಬೇಕೆಂಬುದನ್ನು ಮನೆ ಮಾರಾಟಕ್ಕಿಡುವ ಮೊದಲೇ ತಿಳಿಸಬೇಕು, ಬಂದ ಪ್ರಸ್ತಾವಕ್ಕೆ 10 ಕೆಲಸದ ದಿನಗಳಲ್ಲಿ ಉತ್ತರಿಸಬೇಕು, ಉಳಿದ ಸಾಲವನ್ನು ಪೂರ್ತಿ ಮನ್ನಾ ಮಾಡಬೇಕು ಎಂದು ಅದು ವಿಧಿಸಿತು. ಎರಡನೆಯ ಸಾಲದಾತರ ಪಾಲಿಗೆ 6,000 ಡಾಲರ್ ಮಿತಿ ಹಾಕಿತು; ಮುಂದೆ ಅದನ್ನು ಏರಿಸಲಾಯಿತು. ಮನೆ ಬಿಡುವ ಕುಟುಂಬಕ್ಕೆ ಸಾಗಾಟದ ಖರ್ಚಿಗೆಂದು 3,000 ಡಾಲರ್ ಕೊಡಿಸಿತು. ಎಲ್ಲ ಸಾಲಗಳಿಗೂ ಅದು ಅನ್ವಯಿಸಲಿಲ್ಲ, ಕಾಗದಪತ್ರದ ಹೊರೆಯೂ ಇಳಿಯಲಿಲ್ಲ. ಉತ್ತರ ಕೊಡಲು 45 ದಿನಗಳ ಗಡುವು ಹೇರುವ ಮಸೂದೆಯೂ ಕಾಂಗ್ರೆಸ್ಸಿನ ಮುಂದೆ ಬಂದು ಕಾಯ್ದೆಯಾಗದೆ ಹೋಯಿತು.

ನಿಜವಾದ ತಿರುವು 2012ರದು. ಗೃಹಸಾಲ ಪೇಟೆಯ ಎರಡು ದೈತ್ಯ ಸಂಸ್ಥೆಗಳಾದ ಫ್ಯಾನಿ ಮೇ ಮತ್ತು ಫ್ರೆಡ್ಡಿ ಮ್ಯಾಕ್‌ನ ಮೇಲ್ವಿಚಾರಕ ಸಂಸ್ಥೆಯು ಸರ್ವೀಸರ್‌ಗಳು 30 ದಿನಗಳಲ್ಲಿ ಉತ್ತರಿಸಬೇಕು, ಹೆಚ್ಚು ಸಮಯ ಬೇಕಾದರೆ ವಾರಕ್ಕೊಮ್ಮೆ ಕಡತದ ಸ್ಥಿತಿ ತಿಳಿಸಬೇಕು, 60 ದಿನಗಳೊಳಗೆ ಅಂತಿಮ ತೀರ್ಮಾನ ಹೇಳಬೇಕು ಎಂದು ಜೂನ್‌ನಿಂದ ನಿಯಮ ಮಾಡಿತು. ನವೆಂಬರ್ 1ರಿಂದ ಇನ್ನೂ ಆಳದ ಬದಲಾವಣೆಗಳು ಬಂದವು. ನಿಯಮಕ್ಕೆ ಹೊಂದುವ ಕಡತಗಳನ್ನು ಮೇಲಿನವರನ್ನು ಕೇಳದೆ ತಾವೇ ಇತ್ಯರ್ಥ ಮಾಡುವ ಅಧಿಕಾರ ಸರ್ವೀಸರ್‌ಗಳಿಗೆ ಸಿಕ್ಕಿತು. ಸಾವು, ವಿಚ್ಛೇದನ, ಅಂಗವೈಕಲ್ಯ, 50 ಮೈಲಿಗಿಂತ ದೂರದ ಕೆಲಸದ ವರ್ಗಾವಣೆ ಇಂಥ ಕಾರಣಗಳಿದ್ದರೆ ಕಂತು ತಪ್ಪಿಸದವರೂ ಅರ್ಜಿ ಹಾಕಬಹುದಾಯಿತು. ಅದುವರೆಗೆ ಸುಸ್ತಿದಾರನಾಗದೆ ಬ್ಯಾಂಕು ಕಿವಿಗೊಡುವುದು ಅಪರೂಪವಾಗಿತ್ತು. ನಿಯತ್ತಾಗಿ ಕಟ್ಟುತ್ತಿದ್ದವರು ತಮ್ಮ ಮಾತು ಕೇಳಿಸಲಿಕ್ಕಾಗಿಯೇ ಕಟ್ಟುವುದನ್ನು ನಿಲ್ಲಿಸಬೇಕಾದ ಆ ಕ್ರೂರ ಸ್ಥಿತಿಯನ್ನು ಕೊನೆಗಾಣಿಸಲು ಹೊರಟಿದ್ದೇ ಇಡೀ ಸುಧಾರಣೆಯ ಅತ್ಯಂತ ಮಾನವೀಯ ಭಾಗ.

ಒಂದು ಕೈಯಲ್ಲಿ ಅರ್ಜಿ ಪರಿಶೀಲಿಸುತ್ತ ಇನ್ನೊಂದು ಕೈಯಲ್ಲಿ ಹರಾಜಿಗೆ ಹೆಜ್ಜೆ ಇಡುವುದಕ್ಕೆ ಕ್ಯಾಲಿಫೋರ್ನಿಯ 2013ರ ಜನವರಿಯಿಂದ ಕಡಿವಾಣ ಹಾಕಿತು. 2014ರ ಜನವರಿ 10ರಿಂದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯ ನಿಯಮಗಳು ದೇಶದುದ್ದಕ್ಕೂ ಅಂಥದೇ ಮಿತಿ ತಂದವು. ಅವುಗಳ ಪ್ರಕಾರ ಕಂತು ತಪ್ಪಿ 120 ದಿನ ಮೀರುವವರೆಗೆ, ಕೆಲವು ವಿನಾಯಿತಿ ಬಿಟ್ಟು, ಫೋರ್‌ಕ್ಲೋಷರ್ ಆರಂಭಿಸುವಂತಿಲ್ಲ.

ಮನೆ ಮಾರಿದ ಮಾತ್ರಕ್ಕೆ ಋಣ ಹರಿಯುವುದಿಲ್ಲ. ಕೊರತೆಯ ಮೊತ್ತಕ್ಕಾಗಿ ಬ್ಯಾಂಕು ಮುಂದೆ ದಾವೆ ಹೂಡಬಹುದೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯ 2011ರಲ್ಲಿ ಮೊದಲ ಸಾಲಕ್ಕೂ, ಅದೇ ವರ್ಷದ ನಡುವಿನಲ್ಲಿ ಒಪ್ಪಿಗೆ ಕೊಟ್ಟ ಎರಡನೆಯ ಸಾಲದಾತರಿಗೂ ಆ ಬಾಗಿಲು ಮುಚ್ಚಿತು. ಬೇರೆಡೆ ಒಪ್ಪಿಗೆ ಪತ್ರದ ಒಕ್ಕಣೆಯೇ ನಿರ್ಣಾಯಕ. ಅಡಮಾನ ಹಕ್ಕು ಬಿಡುತ್ತೇವೆ ಎಂದಷ್ಟೇ ಬರೆದಿದ್ದರೆ ಮನೆ ಮುಕ್ತವಾಯಿತು, ಮನುಷ್ಯ ಮುಕ್ತನಾಗಲಿಲ್ಲ. ಬಾಕಿ ಸಾಲವೂ ಮನ್ನಾ ಎಂಬ ಮಾತು ಸ್ಪಷ್ಟವಾಗಿ ಇರಲೇಬೇಕು.

ಮನ್ನಾ ಆದ ಸಾಲವನ್ನು ಅಮೆರಿಕದ ತೆರಿಗೆ ಕಾನೂನು ಸಾಮಾನ್ಯವಾಗಿ ಆದಾಯವೆಂದೇ ಎಣಿಸುತ್ತದೆ. ಮನೆ ಕಳೆದುಕೊಂಡವರ ಮೇಲೆ ತೆರಿಗೆಯೂ ಬೀಳಬಾರದೆಂದು 2007ರ ಡಿಸೆಂಬರ್‌ನಲ್ಲಿ ಬಂದ ಕಾಯ್ದೆ ಸ್ವಂತ ವಾಸದ ಮನೆಗೆ 20 ಲಕ್ಷ ಡಾಲರುವರೆಗೆ ವಿನಾಯಿತಿ ಕೊಟ್ಟಿತು. ಅದನ್ನು ಶಾಶ್ವತ ಮಾಡದೆ ಮತ್ತೆ ಮತ್ತೆ ವಿಸ್ತರಿಸುತ್ತ ಬಂದದ್ದರಿಂದ ವರ್ಷಾಂತ್ಯದಲ್ಲಿ ಕ್ರಯ ಮುಗಿಯುವುದೋ ಇಲ್ಲವೋ ಎಂಬ ಆತಂಕ ತಪ್ಪಲಿಲ್ಲ. 2021ರಿಂದ ಮಿತಿ 7.5 ಲಕ್ಷ ಡಾಲರಿಗೆ ಇಳಿಯಿತು.

ವೇಗ ಹೆಚ್ಚಿದಂತೆ ಮೋಸಕ್ಕೂ ಎಡೆಯಾಗಬಹುದು. ಹೆಚ್ಚಿನ ಬೆಲೆಯ ಪ್ರಸ್ತಾವ ಮುಚ್ಚಿಟ್ಟು, ಬೇಕಾದವರಿಗೆ ಅಗ್ಗಕ್ಕೆ ಕೊಡಿಸಿ, ಕೂಡಲೇ ಲಾಭಕ್ಕೆ ಮರುಮಾರಾಟ ಮಾಡಿದ ಪ್ರಕರಣಗಳು ನಡೆದವು. ಅದಕ್ಕೇ ಕೊಳ್ಳುವವರು ಮಾರುವವರ ನಡುವೆ ನಂಟಿಲ್ಲವೆಂಬ ಪ್ರಮಾಣಪತ್ರ, ಬೇಗ ಮರುಮಾರಾಟಕ್ಕೆ ನಿರ್ಬಂಧ ಇವೆಲ್ಲ ಸೇರಿಕೊಂಡವು.

ಭಾರತದಲ್ಲಿ ಈ ಹೆಸರಿನ ವ್ಯವಸ್ಥೆಯಿಲ್ಲ. ಕರ್ನಾಟಕದ ಸಾಲಗಾರರು ಬ್ಯಾಂಕಿನೊಡನೆ ಮಾಡಿಕೊಳ್ಳುವ ಓಟಿಎಸ್, ಅಂದರೆ ಒಂದೇ ಬಾರಿಗೆ ಲೆಕ್ಕ ಚುಕ್ತಾ ಮಾಡುವ ಒಪ್ಪಂದ, ಇದಕ್ಕೆ ಹತ್ತಿರದ್ದು. 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಬಂದ ಮೇಲೆ ಇಲ್ಲಿಯೂ ಕುಟುಂಬಗಳು ಹರಾಜಿಗೆ ಮೊದಲೇ ತಾವಾಗಿ ಗಿರಾಕಿ ಹುಡುಕಲು ಓಡಾಡುತ್ತವೆ.

ಶಾರ್ಟ್ ಸೇಲ್ ಮಾಡಿದವರು ಫ್ಯಾನಿ ಮೇ ನಿಯಮದಡಿ ಮತ್ತೆ ಗೃಹಸಾಲ ಪಡೆಯಲು ಸಾಮಾನ್ಯವಾಗಿ 4 ವರ್ಷ ಕಾಯಬೇಕು. ಫೋರ್‌ಕ್ಲೋಷರ್ ಆದವರಿಗೆ ಅದು 7 ವರ್ಷ. ಹಾಫಾ 2016ರ ಕೊನೆಗೆ ಮುಗಿಯಿತು. ಎರಡನೆಯ ಸಾಲದಾತರ ಪಾಲು ಎಷ್ಟಿರಬೇಕೆಂದು ಎಲ್ಲ ಸಾಲಗಳಿಗೂ ಅನ್ವಯಿಸುವ ರಾಷ್ಟ್ರೀಯ ಕಾನೂನು ಮಾತ್ರ ಬರಲೇ ಇಲ್ಲ.